ತೂಕದವ

ಬೈತಖೋಲ ಬಂದರಿನಲ್ಲಿ ಇಪ್ಪತ್ತೊಂಬತ್ತು ವರ್ಷ
ನಾನು ತೂಗಿದ್ದು ಮೀನು.
ಈಗ ಬೆಳಿಗ್ಗೆ ಐದೂವರೆಗೆ, ಸದಾಶಿವಗಡದ ಗುಡ್ಡದ ಬುಡದಲ್ಲಿ,
ಬರಿಹೊಟ್ಟೆಯಲ್ಲಿ, ಲುಂಗಿಯೊಂದರಲ್ಲೇ ನಿಲ್ಲಿಸಿ
ನನ್ನನ್ನು ತೂಗುತ್ತಾರೆ.

ನೂರಾ ಎಂಟು ಕಿಲೋ.
ಜಪಮಾಲೆಯ ಲೆಕ್ಕ, ಅಂದೆ. ಯಾರೂ ನಗಲಿಲ್ಲ.

ಪಟ್ಟಿ ಬರೆಯುವ ಹುಡುಗಿ, ತುಳಸು ಗುನಗಿ,
ತಲೆ ಎತ್ತದೆಯೇ ಹೇಳಿದಳು:
"ಉಸಿರು ಬಿಟ್ಟು ನಿಂತ್ರೆ ತೂಕ ಇಳಿಯೂದಿಲ್ಲ ಕಾಕಾ.
ಅಂಚಿಗೆ ಕಾಲಿಟ್ರೂ ಇಲ್ಲ. ನಡೂಮಧ್ಯ ನಿಲ್ಲಿ."

ಜೂನಿನಲ್ಲಿ ಬೋಟುಗಳೆಲ್ಲ ದಡಕ್ಕೆ ಕಟ್ಟಿಕೊಂಡು ನಿಂತಾಗ
ಐಸ್ ಫ್ಯಾಕ್ಟರಿಯ ಮಾಡಿನಡಿ ಇಸ್ಪೀಟು ಕಲಸುತ್ತಿದ್ದೆ.
ಯಾರೋ ಎದೆಯ ಮೇಲೆ ಇಸ್ವಾಣದ ಕ್ರೇಟು ಇಟ್ಟ ಹಾಗಾಯಿತು.
ಇಟ್ಟವ ಎತ್ತಲಿಲ್ಲ.
ಒಂದು ನಾಳಕ್ಕೆ ಸ್ಟೆಂಟ್ ಹಾಕಿದರು.
ಇನ್ನೊಂದು ಯೋಚನೆ ಮಾಡ್ತಾ ಇದೆ, ಎಂದರು ಡಾಕ್ಟರು,
ನೀವೂ ಸ್ವಲ್ಪ ಮಾಡಿ.

ಹಾಗೆ ಇಲ್ಲಿಗೆ. ಇಪ್ಪತ್ತೊಂದು ದಿನ.

ಹೊಟ್ಟೆಯ ಮೇಲೆ ಹುತ್ತದ ಮಣ್ಣು,
ಜರಡಿ ಹಿಡಿದು, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಮಡಚಿದ್ದು.
ತಣ್ಣಗೆ ಕೂತಿತು, ಪರಿಚಯದ ತಣ್ಣಗೆ.
ಬುಟ್ಟಿಯ ಮೇಲೆ ಐಸು ಸುರಿಯುತ್ತೇವಲ್ಲ, ಹಾಗೆ.
ಕೆಡಬಾರದೆಂದು ನಾವದನ್ನು ಹಾಕುವುದು ಸತ್ತದ್ದಕ್ಕೆ.
ನನಗೇಕೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಮತ್ತೆ ಬೂದುಗುಂಬಳದ ರಸ.
ಮತ್ತೆ ಸಮುದ್ರದ ಬದಿಯಲ್ಲೇ ಕೂತು ಉಪ್ಪಿಲ್ಲದ ಊಟ,
ಸಾಣಿಕಟ್ಟೆಯ ಉಪ್ಪಿನಲ್ಲಿ ಬೆಳೆದ ನಾಲಿಗೆಗೆ.
ಒಂಬತ್ತನೆಯ ರಾತ್ರಿ ಬೇಲಿಯಾಚೆ ಯಾರದೋ ಮನೆಯಲ್ಲಿ
ನೊಗಲಿ ಹುರಿದರು, ರವೆ ಹಚ್ಚಿ.
ಗಾಳಿ ನೇರ ನನ್ನ ಕಿಟಕಿಯನ್ನೇ ಹುಡುಕಿಕೊಂಡು ಬಂತು.
ದಿಂಬು ಕಚ್ಚಿ ಮಲಗಿದೆ.
ನಂಬಿ, ದಿಂಬಿಗೂ ಸ್ವಲ್ಪ ರುಚಿಯಿತ್ತು.

ಬಾನಾವಳಿ ಮಾಸ್ತರು, ಹೈಸ್ಕೂಲಿನಲ್ಲಿ ಪಿ.ಟಿ. ಕಲಿಸಿ ನಿವೃತ್ತರಾದವರು,
ಒಣಗಿದ ಸುಂಗಟೆಯಷ್ಟೇ ಮೈ:
"ಕಪಾಲಭಾತಿ ನಿಮಗಲ್ಲ. ತಲೆಕೆಳಗಾಗುವುದೂ ನಿಮಗಲ್ಲ.
ಗುಳಿಗೆ ಬಿಡಬೇಡಿ. ಸುಮ್ಮನೆ ಕೂತು ಉಸಿರಾಡಿ.
ನಾಲ್ಕು ಎಣಿಸಿ ತಗೊಳ್ಳಿ. ಎಂಟು ಎಣಿಸಿ ಬಿಡಿ."

ಲಕ್ಷದ ಹರಾಜು ಬಾಯಲ್ಲೇ ಕೂಡಿಸಿದವನು
ಐದಕ್ಕೆ ಸೋತೆ.
ಆರು ಬರುವ ಮೊದಲೇ ಒಳಗೆ ಗಾಳಿ ಮುಗಿಯುತ್ತಿತ್ತು.

ಹದಿಮೂರನೆಯ ದಿನ ಕಣ್ಣು ಮುಚ್ಚಿದಾಗ ಕಂಡದ್ದು ಬಂಗಡೆ.
ರಂಪಣಿಯಿಂದ ನೇರ ಬಂದದ್ದು, ಬುಟ್ಟಿಯ ಮೇಲ್ಪದರದಲ್ಲಿ,
ಕಿವಿರು ತೆರೆದು, ಮುಚ್ಚಿ,
ತೆರೆದು,
ತೆರೆದೇ.
ನಾನು ಆಗ ಗ್ರಾಂ ನೋಡುತ್ತಿದ್ದೆ.
ಇಪ್ಪತ್ತೊಂಬತ್ತು ವರ್ಷ, ನನ್ನೆದುರಿಗೇ
ಎಷ್ಟು ಸಾವಿರ ಜೀವ ಉಸಿರೆಣಿಸಿ ಹೋದವೋ.
ತೂಕದ ಚೀಟಿಯಲ್ಲಿ ಅದಕ್ಕೆ ಕಾಲಮ್ಮಿರಲಿಲ್ಲ.

ಇನ್ನೊಂದಿದೆ, ಹೇಳಿಬಿಡುತ್ತೇನೆ.
ಬುಟ್ಟಿಯ ನೀರು ಸೋರುವ ಮೊದಲೇ ತಕ್ಕಡಿಗೆ ಎಳೆಯುತ್ತಿದ್ದೆ.
ಬೋಟಿನ ಮಾಲೀಕನಿಗೆ ಖುಷಿ, ನನಗೆ ಸಂಜೆಗೆ ನೂರು ರೂಪಾಯಿ,
ತಲೆಹೊರೆಯ ಹೆಂಗಸರಿಗೆ
ಬುಟ್ಟಿಗೆ ಅರ್ಧ ಕಿಲೋ ಸಮುದ್ರ.
ಅವರದನ್ನು ಹೊತ್ತು ಬಿಣಗಾದವರೆಗೆ ನಡೆದರು,
ದಾರಿಯುದ್ದ ಕುತ್ತಿಗೆಗೆ ಸೋರಿಸಿಕೊಳ್ಳುತ್ತ.
ನಾನು ನಡೆಯಲಿಲ್ಲ. ಕೂತೆ, ಕೂತೇ ಬೆಳೆದೆ.

ಹೊರಡುವ ದಿನ: ನೂರಾ ಮೂರು ಕಿಲೋ ನಾನೂರು.
ಇಳಿದದ್ದು ಒಂದು ಒಳ್ಳೆಯ ಇಸ್ವಾಣದಷ್ಟು.
"ಸಾಕಾಗೂದಿಲ್ಲ," ಎಂದಳು ತುಳಸು,
ಆದರೂ ಅಂಕಿಯ ಕೆಳಗೆ ಎರಡು ಗೆರೆ ಎಳೆದಳು.

ಆಗಸ್ಟಿನ ಮೊದಲ ಬೋಟು. ತಾರ್ಲೆಯ ರಾಶಿ.
ಮೊದಲ ಬುಟ್ಟಿ ಕೊಕ್ಕೆಗೆ ಏರಿತು.
ತಕ್ಕಡಿಗೆ ಇಳಿಸದೆ ಹಿಡಿದು ನಿಂತೆ.
ನಾಲ್ಕು ಎಣಿಸಿ ತಗೊಂಡೆ.
ಬಿಡತೊಡಗಿದೆ; ಬುಟ್ಟಿಯೂ ಬಿಡತೊಡಗಿತು,
ಸಿಮೆಂಟಿನ ಮೇಲೆ ಹನಿ, ಹನಿ.
ಮಾಲೀಕ ಕುರ್ಚಿಯಿಂದ ಕೆಮ್ಮಿದ.

ಶೇವಂತಿ ಸೆರಗು ಸಿಂಬಿ ಸುತ್ತುತ್ತಿದ್ದವಳು
ನನ್ನ ಮುಖ ನೋಡಿ ಹೆದರಿಬಿಟ್ಟಳು:
"ಎಂತಾ ವಿಠೋಬಾ, ಮೈ ಇನ್ನೂ ಹುಷಾರಿಲ್ದಾ?"

ಮಾತಾಡಿದರೆ ಲೆಕ್ಕ ತಪ್ಪುತ್ತದೆ.
ಐದು.
ಆರು.